ಮೇಣದಬತ್ತಿ ಹಚ್ಚಿದಿರಿ, ಮಾತು ಕೇಳಿದಿರಾ?



ಗುಡ್ಡ ಹತ್ತಿ ಬಂದ ನಿಮ್ಮ ಕಾಲುಗಳಿಗೆ ದೇವರು ಬಲ ಕೊಡಲಿ. ಬೆಳಗಾವಿ ಪೇಟೆಯಿಂದ ಬಸ್ಸಿನಲ್ಲಿ ಬಂದವರಿದ್ದೀರಿ. ಖಾನಾಪುರ ತಾಲೂಕಿನ ಹಳ್ಳಿಗಳಿಂದ ಟೆಂಪೊ ಮಾಡಿಕೊಂಡು ಮನೆಮಂದಿಯೆಲ್ಲ ಬಂದವರಿದ್ದೀರಿ. ಹರಕೆ ಹೊತ್ತು ಬರಿಗಾಲಲ್ಲಿ ನಡೆದವರೂ ಇದ್ದೀರಿ. ಬಂದವರು ಮೇಣದಬತ್ತಿ ಹಚ್ಚುತ್ತೀರಿ, ಹೂವಿನ ಹಾರ ಹಾಕುತ್ತೀರಿ, ಪೂಜೆಗೆ ಹೆಸರು ಬರೆಸುತ್ತೀರಿ, ಎಣ್ಣೆ, ತೀರ್ಥ ತುಂಬಿಸಿಕೊಳ್ಳುತ್ತೀರಿ. ಇದೆಲ್ಲ ಭಕ್ತಿಯ ಕೆಲಸವೇ. ಯಾರೂ ಇದನ್ನು ಹಗುರ ಮಾಡಬಾರದು.

ಆದರೆ ಒಂದು ಸಂಗತಿ ಪ್ರತಿ ಹಬ್ಬದಲ್ಲೂ ಕಣ್ಣಿಗೆ ಬೀಳುತ್ತದೆ. ಶುಭಸಂದೇಶ ಓದಿ ಮುಗಿಯುತ್ತಲೇ, ಗುರುಗಳು ಪ್ರಬೋಧನೆಗೆ ಬಾಯಿ ತೆರೆಯುತ್ತಲೇ, ಹಿಂದಿನ ಬಾಗಿಲಿನ ಹತ್ತಿರ ನಿಂತ ಗಂಡಸರು ಒಬ್ಬೊಬ್ಬರಾಗಿ ಹೊರಗೆ ಜಾರುತ್ತಾರೆ. ಮರದ ನೆರಳಿನಲ್ಲಿ ಹರಟೆ ಶುರುವಾಗುತ್ತದೆ. ಒಳಗೆ ಕೂತವರಲ್ಲಿ ಕೆಲವರು ಮೊಬೈಲ್ ತೆಗೆಯುತ್ತಾರೆ, ಕೆಲವರು ಜಪಸರ ಮುಗಿಸಿಬಿಡೋಣ ಅಂತ ಮಣಿ ಎಣಿಸುತ್ತಾರೆ. ಪೂಜೆ ಆದ ಮೇಲೆ ಯಾರನ್ನಾದರೂ ಕೇಳಿ ನೋಡಿ: "ಫಾದರ್ ಇವತ್ತ ಏನ್ ಹೇಳಿದ್ರು?" ಉತ್ತರ ಬರುವುದು ಹೀಗೆ: "ಛಲೋ ಹೇಳಿದ್ರಿ." ಏನು ಹೇಳಿದರು ಅಂದರೆ, "ಅದ ನೆನಪಿಲ್ಲರಿ!"

ನಗು ಬರುವ ಮಾತು, ಆದರೆ ಯೋಚನೆ ಮಾಡುವ ಮಾತೂ ಹೌದು. ಮೇಣದಬತ್ತಿ ಸಂಜೆಯೊಳಗೆ ಕರಗುತ್ತದೆ, ಹಾರ ನಾಳೆಗೆ ಬಾಡುತ್ತದೆ. ಗುಡ್ಡದಿಂದ ಇಳಿದು ಹೋಗುವವರ ಜೊತೆ ಮನೆತನಕ ಬರಬಹುದಾದ ವಸ್ತು ಒಂದೇ ಇದೆ, ಅದು ದೇವರ ಮಾತು. ಅದನ್ನೇ ಇಲ್ಲಿ ಬಿಟ್ಟು ಹೋದರೆ ಯಾತ್ರೆ ಅರ್ಧವಾದಂತೆ ಅಲ್ಲವೇ?

ನಂಬಿಕೆ ಬರುವ ದಾರಿ

ಕ್ರೈಸ್ತ ವಿಶ್ವಾಸದಲ್ಲಿ ಬೋಧನೆಗೆ ಇಷ್ಟು ದೊಡ್ಡ ಸ್ಥಾನ ಯಾಕೆ? ಸಂತ ಪೌಲರು ರೋಮಿನ ಸಭೆಗೆ ಬರೆದ ಪತ್ರದಲ್ಲಿ ಇದಕ್ಕೆ ಸರಳವಾದ ಲೆಕ್ಕ ಕೊಟ್ಟಿದ್ದಾರೆ. ನಂಬಬೇಕಾದರೆ ಕೇಳಿರಬೇಕು, ಕೇಳಬೇಕಾದರೆ ಹೇಳುವವರು ಇರಬೇಕು, ಹೇಳಬೇಕಾದರೆ ಅವರನ್ನು ಯಾರಾದರೂ ಕಳುಹಿಸಿರಬೇಕು. ಕಳುಹಿಸುವವರು, ಹೇಳುವವರು, ಕೇಳುವವರು, ಈ ಮೂರು ಕೊಂಡಿಗಳಲ್ಲಿ ಒಂದು ಕಡಿದರೂ ಸರಪಳಿ ಕಡಿದಂತೆ. ಹೇಳುವವರು ಚೆನ್ನಾಗಿ ಹೇಳಲಿ ಅಂತ ಎಲ್ಲರೂ ಬಯಸುತ್ತಾರೆ. ಆದರೆ ಕೇಳುವ ಕೊಂಡಿ ನಮ್ಮ ಕೈಯಲ್ಲೇ ಇದೆ ಎಂಬುದನ್ನು ಮರೆಯುತ್ತಾರೆ.

ಯಾತ್ರಿಕರಿಗೆ ಹೇಳಿ ಮಾಡಿಸಿದ ಒಂದು ಪ್ರಸಂಗ ಸಂತ ಲೂಕರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿದೆ. ಯೇಸುಸ್ವಾಮಿ ಸತ್ತ ಮೂರನೆಯ ದಿನ ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವು ಎಂಬ ಊರಿಗೆ ಹೊರಟಿದ್ದರು. ಸುಮಾರು 11 ಕಿಲೋಮೀಟರ್ ದಾರಿ. ಮನಸ್ಸು ಮುರಿದಿತ್ತು. ದಾರಿಯಲ್ಲಿ ಅಪರಿಚಿತನೊಬ್ಬ ಜೊತೆಗೂಡಿ ಪವಿತ್ರ ಗ್ರಂಥದ ಅರ್ಥವನ್ನು ಒಂದೊಂದಾಗಿ ಬಿಡಿಸಿ ಹೇಳುತ್ತಾ ನಡೆದ. ಸಂಜೆ ಊಟಕ್ಕೆ ಕೂತಾಗ ಆತ ರೊಟ್ಟಿ ಮುರಿದ. ಆಗ ಅವರ ಕಣ್ಣು ತೆರೆಯಿತು, ಇವರು ಯೇಸುಸ್ವಾಮಿಯೇ ಎಂದು ಗುರುತು ಸಿಕ್ಕಿತು. ಆಮೇಲೆ ಶಿಷ್ಯರು ನೆನಪಿಸಿಕೊಂಡದ್ದು ಯಾವುದನ್ನು? ದಾರಿಯಲ್ಲಿ ಆ ಮಾತು ಕೇಳುವಾಗಲೇ ಎದೆಯೊಳಗೆ ಬೆಂಕಿ ಹತ್ತಿದಂತಾಗಿತ್ತು ಎಂಬುದನ್ನು! ಮೊದಲು ಮಾತು, ಆಮೇಲೆ ರೊಟ್ಟಿ. ಮಾತು ಎದೆ ಬೆಚ್ಚಗೆ ಮಾಡಿತು, ರೊಟ್ಟಿ ಕಣ್ಣು ತೆರೆಸಿತು.

ನಮ್ಮ ಬಲಿಪೂಜೆಯೂ ಇದೇ ಕ್ರಮದಲ್ಲಿ ನಡೆಯುತ್ತದೆ. ಮೊದಲನೆಯದು ವಾಕ್ಯದ ಭಾಗ, ಎರಡನೆಯದು ಪರಮಪ್ರಸಾದದ ಭಾಗ. ಭಾನುವಾರದ ವಾಚನಗಳು ಮೂರು ವರ್ಷಗಳ ಸುತ್ತಿನಲ್ಲಿ ಬರುತ್ತವೆ. ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ. ಯೊವಾನ್ನರ ಶುಭಸಂದೇಶ ಮುಖ್ಯವಾಗಿ ತಪಸ್ಸುಕಾಲ, ಪಾಸ್ಕ ಕಾಲಗಳಲ್ಲಿ ಬರುತ್ತದೆ. ಓದು ಬಾರದ ಅಜ್ಜಿಯೂ ತಪ್ಪದೆ ಮೂರು ವರ್ಷ ಕಿವಿಗೊಟ್ಟು ಕೂತರೆ ಶುಭಸಂದೇಶದ ದೊಡ್ಡ ಪಾಲು ಅವಳ ಮನಸ್ಸಿನಲ್ಲಿ ಕೂತುಬಿಡುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ಹೊರಡಿಸಿದ ಆರಾಧನಾ ವಿಧಿಯ ದಸ್ತಾವೇಜಿನಲ್ಲಿ ಪ್ರಬೋಧನೆಯು ಪೂಜೆಯ ಒಂದು ಅಂಗವೇ ಎಂದು ಸ್ಪಷ್ಟ ಮಾಡಿತು. ಭಾನುವಾರ ಮತ್ತು ಕಡ್ಡಾಯದ ಹಬ್ಬಗಳಲ್ಲಿ ಗಂಭೀರ ಕಾರಣವಿಲ್ಲದೆ ಅದನ್ನು ಬಿಡಕೂಡದು ಎಂದಿತು. ಹೀಗಿರುವಾಗ ಪ್ರಬೋಧನೆಯ ಹೊತ್ತಿಗೆ ಹೊರಗೆ ಹೋಗುವವರು ಪೂಜೆಯ ನಡುವಿನಿಂದಲೇ ಎದ್ದು ಹೋದಂತೆ ಆಗುತ್ತದೆ.

ಸಂತ ಅಂತೋಣಿಯವರ ನಾಲಿಗೆ

ಕಳೆದುಹೋದ ವಸ್ತು ಸಿಗಲಿ, ಮದುವೆ ಕೂಡಿಬರಲಿ ಎಂದು ಪಾದುವದ ಸಂತ ಅಂತೋಣಿಯವರಿಗೆ ಮೇಣದಬತ್ತಿ ಹಚ್ಚದವರು ನಮ್ಮಲ್ಲಿ ಯಾರಿದ್ದಾರೆ? ಮಂಗಳವಾರ ಬಂದರೆ ಅವರ ಪ್ರತಿಮೆಯ ಮುಂದೆ ಸಾಲು. ಆದರೆ ಅವರು ಬದುಕಿದ್ದಾಗ ಯಾವ ಕೆಲಸಕ್ಕೆ ಹೆಸರಾಗಿದ್ದರು ಎಂದು ಕೇಳಿದರೆ ಹೇಳುವವರು ಕಡಿಮೆ. ಅವರು ಬೋಧಕರು!

ಅವರ ಕಥೆ ಹೀಗಿದೆ. ಪೋರ್ಚುಗಲ್ ದೇಶದ ಲಿಸ್ಬನ್ನಿನಲ್ಲಿ ಹುಟ್ಟಿ, ಸಂತ ಫ್ರಾನ್ಸಿಸರ ಸಭೆ ಸೇರಿ, ಇಟಲಿಯ ಒಂದು ಗುಡ್ಡದ ಆಶ್ರಮದಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದರು. ಅಲ್ಲಿ ಅಡಿಗೆಮನೆಯ ಚಾಕರಿ ಮಾಡಿಕೊಂಡಿದ್ದರೆಂದು ಹೇಳುತ್ತಾರೆ. 1222ರಲ್ಲಿ ಫೊರ್ಲಿ ಎಂಬ ಊರಿನಲ್ಲಿ ಗುರುದೀಕ್ಷೆಯ ಸಮಾರಂಭ. ಬೋಧನೆ ಮಾಡಲು ಯಾರೂ ತಯಾರಿ ಮಾಡಿಕೊಂಡು ಬಂದಿರಲಿಲ್ಲ. ಮೇಲಿನವರು ಅಂತೋಣಿಯವರಿಗೆ, "ನೀವೇ ನಾಲ್ಕು ಮಾತು ಹೇಳಿ" ಎಂದರು. ಅವರು ಬಾಯಿ ತೆರೆದದ್ದೇ ತಡ, ಸೇರಿದವರೆಲ್ಲ ಬೆರಗಾದರು. ಅಂದಿನಿಂದ ಸಾಯುವವರೆಗೆ ಊರೂರು ತಿರುಗಿ ಬೋಧಿಸಿದರು. 1231ರ ತಪಸ್ಸುಕಾಲವಿಡೀ ಪಾದುವದಲ್ಲಿ ಬೋಧಿಸಿ ದಣಿದು, ಅದೇ ವರ್ಷ ಜೂನ್ 13ರಂದು ತೀರಿಕೊಂಡರು. 1263ರಲ್ಲಿ ಸಮಾಧಿ ತೆರೆದಾಗ ದೇಹ ಮಣ್ಣಾಗಿದ್ದರೂ ನಾಲಿಗೆ ಮಾತ್ರ ಕೆಡದೆ ಉಳಿದಿತ್ತು. ಅದನ್ನು ಇಂದಿಗೂ ಪಾದುವದ ಮಹಾದೇವಾಲಯದಲ್ಲಿ ಗೌರವದಿಂದ ಇಟ್ಟಿದ್ದಾರೆ.

ಕಳೆದ ಕೀಲಿಕೈ ಹುಡುಕಿ ಕೊಡಿ ಎಂದು ಅವರ ಮುಂದೆ ಮೊಣಕಾಲೂರುವ ನಾವು, ಅವರು ಜೀವ ತೇಯ್ದ ಬೋಧನೆಯ ಹೊತ್ತಿಗೆ ಎದ್ದು ಹೋದರೆ ಆ ಸಂತರಿಗೆ ಹೇಗೆ ಅನ್ನಿಸೀತು?

ಕೇಳುವವರ ಭಾಷೆಯಲ್ಲಿ

ಬೋಧನೆ ಕೇಳುವವರಿಗೆ ತಿಳಿಯಬೇಕಾದರೆ ಅದು ಅವರ ಭಾಷೆಯಲ್ಲಿ ಇರಬೇಕು. ಪಂಚಾಶತ್ತಮ ಹಬ್ಬದ ದಿನ ಪವಿತ್ರಾತ್ಮರು ಇಳಿದು ಬಂದಾಗ ನಡೆದ ಮೊದಲ ಅದ್ಭುತವೇ ಇದು. ನಾನಾ ದೇಶಗಳಿಂದ ಬಂದ ಯಾತ್ರಿಕರು ಪ್ರೇಷಿತರ ಮಾತನ್ನು ತಮ್ಮ ತಮ್ಮ ಹುಟ್ಟುಭಾಷೆಯಲ್ಲಿ ಕೇಳಿದರು. ಗಮನಿಸಿ, ಅವರೂ ಯಾತ್ರಿಕರೇ. ದೇವರು ಅವರಿಗೆ "ಮೊದಲು ಒಂದು ಭಾಷೆ ಕಲಿತು ಬನ್ನಿ" ಎನ್ನಲಿಲ್ಲ. ತಾನೇ ಅವರ ಭಾಷೆಗೆ ಇಳಿದ.

ನಮ್ಮ ಸೀಮೆಯಲ್ಲಿ ಇದು ದೂರದ ಕಥೆ ಅಲ್ಲ. ಖಾನಾಪುರ ಅಂದರೆ ಒಂದೇ ಸಂತೆಯಲ್ಲಿ ಕನ್ನಡ, ಮರಾಠಿ, ಕೊಂಕಣಿ ಮೂರೂ ಕೇಳುವ ಊರು. ಲೋಂಡಾ ಕಡೆ ಹೋದರೆ ರೈಲ್ವೆ ದಾರಿಯ ಜೊತೆ ಬಂದ ಕೊಂಕಣಿ ಮನೆಗಳು. ಬೆಳಗಾವಿ ಕ್ಯಾಂಪಿನಲ್ಲಿ ಇಂಗ್ಲಿಷೂ ಸೇರಿತು. 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯವು ಗೋವೆಯ ಮಹಾಧರ್ಮಪ್ರಾಂತ್ಯದಿಂದ ಬೇರೆಯಾಗಿ ಸ್ಥಾಪನೆಯಾದಾಗಿನಿಂದ ಇಲ್ಲಿಯ ಗುರುಗಳಿಗೆ ಒಂದು ಭಾಷೆ ಬಂದರೆ ಸಾಲದು.

ಹಳೆಯ ಬೋಧಕರು ಇದನ್ನು ಬಲ್ಲವರಾಗಿದ್ದರು. ಸಂತ ಫ್ರಾನ್ಸಿಸ್ ಸವೇರಿಯವರು 1542ರ ಮೇ 6ರಂದು ಗೋವೆಗೆ ಬಂದಿಳಿದರು. ಕೈಯಲ್ಲಿ ಒಂದು ಗಂಟೆ ಹಿಡಿದು ಬೀದಿಬೀದಿ ಬಾರಿಸುತ್ತಾ ಮಕ್ಕಳನ್ನೂ ಆಳುಕಾಳುಗಳನ್ನೂ ಕರೆಯುತ್ತಿದ್ದರು. ಧರ್ಮೋಪದೇಶವನ್ನು ಹಾಡಿನ ಹಾಗೆ ಕಲಿಸುತ್ತಿದ್ದರು. ಮಕ್ಕಳು ಅದನ್ನು ಮನೆಗೆ ಒಯ್ದು ಅಪ್ಪ ಅವ್ವನಿಗೆ ಹೇಳಿಕೊಡುತ್ತಿದ್ದರು. ಡಿಸೆಂಬರ್ 3ರ ಹಬ್ಬಕ್ಕೆ ಹಳೆಗೋವೆಗೆ ನಡೆದು ಹೋಗುವ ನಮ್ಮ ಸೀಮೆಯ ಭಕ್ತರು ಆ ಗಂಟೆಯನ್ನು ಒಮ್ಮೆ ನೆನೆಯಬೇಕು.

ಅವರ ನಂತರ 1579ರಲ್ಲಿ ಇಂಗ್ಲೆಂಡಿನಿಂದ ಯೇಸುಸಭೆಯ ಥಾಮಸ್ ಸ್ಟೀಫನ್ಸ್ ಎಂಬುವರು ಗೋವೆಗೆ ಬಂದರು. ಹೊಸದಾಗಿ ಕ್ರೈಸ್ತರಾದ ಜನ ತಮ್ಮ ಹಳೆಯ ಪುರಾಣ ಕೀರ್ತನೆಗಳನ್ನು ಬಿಟ್ಟು ಬರಿಗಿವಿಯಲ್ಲಿ ಕೂತಿದ್ದನ್ನು ಅವರು ಕಂಡರು. ಯೇಸುಸ್ವಾಮಿಯ ಕಥೆಯನ್ನು ಮರಾಠಿ ಓವಿಗಳಲ್ಲೇ ಕಟ್ಟಿದರು. ಅದೇ 1616ರಲ್ಲಿ ರಾಚೋಲಿನಲ್ಲಿ ಅಚ್ಚಾದ 'ಕ್ರಿಸ್ತಪುರಾಣ'. ಸುಮಾರು 11,000 ಓವಿಗಳ ದೊಡ್ಡ ಗ್ರಂಥ! ಮುಂದೆ 1684ರಲ್ಲಿ ಪೋರ್ಚುಗೀಸ್ ಸರಕಾರ ಜನರು ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕೆಂದು ಆಜ್ಞೆ ಹೊರಡಿಸಿತು. ಇಂದು ಆ ಸರಕಾರವೂ ಇಲ್ಲ, ಆ ಆಜ್ಞೆಯೂ ಇಲ್ಲ. ಕೊಂಕಣಿ ಉಳಿದಿದೆ, ಕ್ರಿಸ್ತಪುರಾಣವೂ ಉಳಿದಿದೆ.

ಪ್ರೊಟೆಸ್ಟೆಂಟ್ ಸಹೋದರರ ಕೆಲಸವನ್ನೂ ಇಲ್ಲಿ ನೆನೆಯುವುದು ನ್ಯಾಯ. ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಅವರು 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು, ಸಂಗಡಿಗರ ಜೊತೆ ಬೈಬಲ್ ಅನುವಾದಕ್ಕೆ ಕೂತರು. ಸುಮಾರು 20 ವರ್ಷಗಳ ದುಡಿತದ ನಂತರ, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಯಿತು. ಅದೇ ಬಳ್ಳಾರಿಯಿಂದ ಜೋಸೆಫ್ ಟೇಲರ್ ಎಂಬುವರು 1820ರಲ್ಲಿ ಬೆಳಗಾವಿಗೆ ಬಂದು ಬೋಧನೆ ಆರಂಭಿಸಿದರು. ಆಮೇಲೆ ವಿಲಿಯಂ ಬೆನನ್ ಅವರ ಜೊತೆಗೂಡಿದರು. ಬೆಳಗಾವಿಯವರ ಬಾಯಲ್ಲಿ ಇಂದಿಗೂ ಓಡಾಡುವ ಬೆನನ್ ಸ್ಮಿತ್ ಶಾಲೆಯ ಹೆಸರಿನಲ್ಲಿ ಅವರ ನೆನಪಿದೆ. 1904ರಲ್ಲಿ ಈ ಕೆಲಸ ಮೆಥೋಡಿಸ್ಟ್ ಸಭೆಯ ಕೈಗೆ ಬಂತು. ಟೇಲರ್ ಅವರ ಮಗ ಗುಜರಾತಿಗೆ ಹೋಗಿ ಗುಜರಾತಿ ಭಾಷೆಯ ವ್ಯಾಕರಣವನ್ನೇ ಬರೆದರು. ಬೋಧಕರ ಮನೆಯಲ್ಲಿ ಭಾಷೆಯ ಮೇಲಿನ ಪ್ರೀತಿ ಹೇಗೆ ತಂದೆಯಿಂದ ಮಗನಿಗೆ ಹರಿಯುತ್ತದೆ ನೋಡಿ!

ಇಷ್ಟೆಲ್ಲ ಹೇಳಿದ್ದು ಯಾತಕ್ಕೆ? ಇಂದು ನಮ್ಮ ಧರ್ಮಕೇಂದ್ರಗಳಲ್ಲಿ "ಇವತ್ತ ಮರಾಠಿ ಪೂಜಾ, ನಾವ್ಯಾಕ ಹೋಗಬೇಕು", "ಇದು ಕನ್ನಡ ಪೂಜೆ, ನಮಗಲ್ಲ" ಎಂಬ ಮಾತು ಕೇಳಿಬರುತ್ತದೆ. ನಮಗೆ ತಿಳಿಯುವ ಭಾಷೆಯಲ್ಲಿ ಬೋಧನೆ ಬೇಕು ಎಂದು ಕೇಳುವುದು ಹಕ್ಕು. ಇನ್ನೊಬ್ಬರಿಗೆ ಅವರ ಭಾಷೆಯಲ್ಲಿ ಸಿಕ್ಕರೆ ಮುಖ ಗಂಟು ಹಾಕುವುದು ಪಾಪ. ಪವಿತ್ರಾತ್ಮರು ಭಾಷೆಗಳನ್ನು ಕೊಟ್ಟದ್ದು ಜನರನ್ನು ಕೂಡಿಸಲಿಕ್ಕೆ. ಅದೇ ಭಾಷೆ ಹಿಡಿದು ಒಂದೇ ಪೀಠದ ಮುಂದೆ ಎರಡು ಗುಂಪಾಗುವುದು ಯಾರ ಕೆಲಸ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಬಾಯಿ ಹೇಳಿದ್ದನ್ನು ಕಾಲು ನಡೆಯಬೇಕು

ಸಂತ ಜೋಸೆಫ್ ವಾಜ್ ಅವರು ಗೋವೆಯ ಬಾಣಾವಳಿಯಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿದರು. 1681ರಿಂದ 1684ರವರೆಗೆ ನಮ್ಮ ಕನ್ನಡ ಕರಾವಳಿಯಲ್ಲೇ ಚದುರಿಹೋಗಿದ್ದ ವಿಶ್ವಾಸಿಗಳನ್ನು ಕೂಡಿಸುತ್ತಾ ತಿರುಗಿದರು. 1687ರಲ್ಲಿ ಸಿಂಹಳಕ್ಕೆ ಹೋದರು. ಅಲ್ಲಿ ಡಚ್ಚರ ಆಡಳಿತ, ಕಥೋಲಿಕ ಗುರುಗಳಿಗೆ ಪ್ರವೇಶವೇ ಇಲ್ಲ. ಭಿಕ್ಷುಕನ ವೇಷದಲ್ಲಿ, ಬರಿಗಾಲಲ್ಲಿ, ಮನೆಯಿಂದ ಮನೆಗೆ ಹೋದರು. ತಮಿಳು ಕಲಿತರು, ಸಿಂಹಳಿ ಕಲಿತರು. ಕ್ಯಾಂಡಿಯಲ್ಲಿ ಗೂಢಚಾರ ಎಂದು ಸೆರೆಗೆ ಹಾಕಿದರು. 1697ರಲ್ಲಿ ಅದೇ ಕ್ಯಾಂಡಿಯಲ್ಲಿ ಸಿಡುಬು ಹರಡಿ, ಮನೆಯವರೇ ರೋಗಿಗಳನ್ನು ಬಿಟ್ಟು ಓಡಿದಾಗ, ವಾಜ್ ಅವರು ಜಾತಿ ಮತ ಕೇಳದೆ ರೋಗಿಗಳ ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಇವರನ್ನು ಸೆರೆಗೆ ಹಾಕಿದ್ದ ರಾಜ್ಯದಲ್ಲೇ ಇವರಿಗೆ ಬೋಧಿಸುವ ಸ್ವಾತಂತ್ರ್ಯ ಸಿಕ್ಕಿತು. 1711ರ ಜನವರಿ 16ರಂದು ಅಲ್ಲೇ ತೀರಿಕೊಂಡರು. ಗೋವೆಗೆ ಮರಳಿ ಬರಲೇ ಇಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೋದಲ್ಲಿ ಅವರನ್ನು ಸಂತರೆಂದು ಸಾರಿದರು.

ನಮ್ಮ ಜಿಲ್ಲೆಯಲ್ಲೇ ದೇಶನೂರಿನಲ್ಲಿ ಸ್ನಾನಿಕ ಅರುಳಪ್ಪನವರ ಹೆಸರಿನ ವಿರಕ್ತಮಠವಿದೆ. ಸ್ನಾನಿಕ ಅರುಳಪ್ಪ ಅಂದರೆ ಯೇಸುಸ್ವಾಮಿಗೆ ದೀಕ್ಷಾಸ್ನಾನ ಕೊಟ್ಟ, ಮರುಭೂಮಿಯಲ್ಲಿ ಕೂಗಿ ಸಾರಿದ ಸಂತ ಯೊವಾನ್ನರು. ಅಲ್ಲಿಯ ಯೇಸುಸಭೆಯ ಗುರುಗಳು ಈ ನೆಲದ ಮಠಗಳ ರೀತಿಯಲ್ಲೇ ಕಾವಿ ತೊಟ್ಟು, ಸಸ್ಯಾಹಾರ ಪಾಲಿಸಿ ಬದುಕುವುದನ್ನು ರೂಢಿ ಮಾಡಿಕೊಂಡರು. ಜನ ಮೊದಲು ನೋಡುವುದು ಬದುಕನ್ನು, ಆಮೇಲೆ ಮಾತನ್ನು.

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದ ಮಹಾತ್ಮಾ ಗಾಂಧೀಜಿಯವರಿಗೆ ಯೇಸುಸ್ವಾಮಿಯ ಪರ್ವತ ಪ್ರಸಂಗ ಬಹಳ ಪ್ರಿಯವಾಗಿತ್ತು. ಗುಡ್ಡದ ಮೇಲೆ ಕೂತು ಮಾಡಿದ ಆ ಬೋಧನೆ, ಕ್ರೈಸ್ತರಲ್ಲದ ಅವರ ಮನಸ್ಸನ್ನೂ ಮುಟ್ಟಿತು. ಆದರೆ ಕ್ರೈಸ್ತ ಬೋಧಕರಿಗೆ ಅವರು ಕೊಡುತ್ತಿದ್ದ ಸಲಹೆ ಒಂದೇ: ಗುಲಾಬಿಯ ಹಾಗೆ ಬದುಕಿ ಎಂದು. ಗುಲಾಬಿ ಹೂವು ತನ್ನ ಪರಿಮಳದ ಬಗ್ಗೆ ಭಾಷಣ ಮಾಡುವುದಿಲ್ಲ, ಆದರೂ ಎಲ್ಲರೂ ಅದರ ಹತ್ತಿರ ಬರುತ್ತಾರೆ. ಇದು ಬೋಧಕರಿಗಷ್ಟೇ ಹೇಳಿದ ಮಾತು ಎಂದುಕೊಂಡು ನಾವು ತಪ್ಪಿಸಿಕೊಳ್ಳುವಂತಿಲ್ಲ. ಗುಡ್ಡದಿಂದ ಇಳಿದ ಮೇಲೆ ಪಕ್ಕದ ಮನೆಯವರು ಓದುವ ಶುಭಸಂದೇಶ ನಿಮ್ಮ ನಡವಳಿಕೆಯೇ.

ಹೆದರಿಕೆಯ ಕಾಲದಲ್ಲಿ

ಈಗ ಕೆಲವರು ಮೆಲ್ಲಗೆ ಕೇಳುತ್ತಾರೆ: "ಬೋಧನೆ ಅಂದ್ರ ಮತಾಂತರ ಅಂತಾರಲ್ಲರಿ, ಸುಮ್ಮನ ಇರೂದ ಛಲೋ ಅಲ್ಲೇನು?" ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ 2021ರ ಡಿಸೆಂಬರ್ 23ರಂದು ವಿಧಾನಸಭೆ ಮತಾಂತರ ನಿಷೇಧದ ಮಸೂದೆಯನ್ನು ಅಂಗೀಕರಿಸಿತು. 2022ರಲ್ಲಿ ಅದು ಕಾನೂನಾಯಿತು. ಆ ದಿನಗಳಲ್ಲಿ ಎಷ್ಟೋ ಮನೆಗಳಲ್ಲಿ ಪ್ರಾರ್ಥನೆಗೆ ಕೂಡುವುದಕ್ಕೂ ಅಂಜಿಕೆ ಇತ್ತು.

ಹೆದರುವ ಬದಲು ತಿಳಿದುಕೊಳ್ಳಬೇಕು. ನಮ್ಮ ಸಂವಿಧಾನದ 25ನೆಯ ವಿಧಿಯು ಪ್ರತಿಯೊಬ್ಬರಿಗೂ ತಮ್ಮ ಧರ್ಮವನ್ನು ನಂಬುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಸಾರ್ವಜನಿಕ ಶಾಂತಿ, ನೈತಿಕತೆ, ಆರೋಗ್ಯಕ್ಕೆ ಒಳಪಟ್ಟ ಹಕ್ಕು ಅದು. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರಚಾರದ ಹಕ್ಕೆಂದರೆ ತನ್ನ ಧರ್ಮದ ತತ್ವಗಳನ್ನು ತಿಳಿಸಿ ಹೇಳುವ ಹಕ್ಕು, ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರುವುದಿಲ್ಲ ಎಂದು ತೀರ್ಪು ಕೊಟ್ಟಿತು.

ಧರ್ಮಸಭೆಯ ಸ್ವಂತ ಬೋಧನೆಯಾದರೂ ಏನು? ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಹೊರಡಿಸಿದ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ವಿಶ್ವಾಸವನ್ನು ಹರಡುವಾಗ ಬಲವಂತ, ಮೋಸ, ಪುಸಲಾವಣೆ ಯಾವುದೂ ಕೂಡದು, ಅದರಲ್ಲೂ ಬಡವರ, ಓದು ಬಾರದವರ ವಿಷಯದಲ್ಲಿ ಕೂಡಲೇ ಕೂಡದು ಎಂದು ಸಾರಿತು. ಆಮಿಷಕ್ಕೆ ಬಂದವನು ಆಮಿಷ ಮುಗಿದ ದಿನ ಹೋಗುತ್ತಾನೆ. ಯೇಸುಸ್ವಾಮಿ ಶ್ರೀಮಂತ ತರುಣನನ್ನು ಕರೆದರು. ಆತ ಮುಖ ಬಾಡಿಸಿಕೊಂಡು ಹೊರಟುಹೋದಾಗ ಬೆನ್ನು ಹತ್ತಿ ಎಳೆದು ತರಲಿಲ್ಲ. ಕರೆಯುವುದು ಬೋಧಕನ ಕೆಲಸ, ಮನಸ್ಸು ತಿರುಗಿಸುವುದು ದೇವರ ಕೆಲಸ. ಇಷ್ಟು ತಿಳಿದವನಿಗೆ ಬಾಯಿ ಮುಚ್ಚಿಕೊಳ್ಳುವ ಅಂಜಿಕೆಯೂ ಬೇಡ, ಇನ್ನೊಬ್ಬರ ದೇವರನ್ನು ಹೀಗಳೆಯುವ ಸೊಕ್ಕೂ ಬೇಡ.

ಉದ್ದದ ಬೋಧನೆ, ನಿದ್ದೆಯ ಕೇಳುಗ

ನ್ಯಾಯವಾಗಿ ಹೇಳಬೇಕೆಂದರೆ ತಪ್ಪು ಯಾವಾಗಲೂ ಕೇಳುಗರದ್ದೇ ಅಲ್ಲ. ಪ್ರೇಷಿತರ ಕಾರ್ಯಕಲಾಪಗಳ 20ನೆಯ ಅಧ್ಯಾಯದಲ್ಲಿ ತ್ರೋವ ಎಂಬ ಊರಿನ ಕಥೆ ಬರುತ್ತದೆ. ಸಂತ ಪೌಲರು ಮರುದಿನ ಊರು ಬಿಡುವವರಿದ್ದರು, ಹಾಗಾಗಿ ನಡುರಾತ್ರಿಯವರೆಗೆ ಮಾತು ಮುಂದುವರಿಸಿದರು. ಯುತಿಕ ಎಂಬ ಹುಡುಗ ಕಿಟಕಿಯಲ್ಲಿ ಕೂತು ಕೇಳುತ್ತಿದ್ದವನು ತೂಕಡಿಸಿ, ಗಾಢ ನಿದ್ದೆ ಹತ್ತಿ, ಮೂರನೆಯ ಅಂತಸ್ತಿನಿಂದ ಕೆಳಗೆ ಬಿದ್ದ! ಸತ್ತೇಹೋದ ಎಂದು ಎತ್ತಿಕೊಂಡರು. ಪೌಲರು ಇಳಿದು ಬಂದು ಅವನನ್ನು ಅಪ್ಪಿಕೊಂಡರು, ಜೀವ ಬಂತು. ಆಮೇಲೆ ಮತ್ತೆ ಮೇಲೆ ಹೋಗಿ, ರೊಟ್ಟಿ ಮುರಿದು, ಬೆಳಗಿನ ತನಕ ಮಾತಾಡಿದರು.

ಇದರಲ್ಲಿ ಎರಡು ಪಾಠ ಇವೆ. ಪೌಲರಂಥ ಪೌಲರು ಬೋಧಿಸಿದಾಗಲೇ ಒಬ್ಬನಿಗೆ ನಿದ್ದೆ ಹತ್ತಿತು ಎಂದ ಮೇಲೆ ನಮ್ಮ ಗುರುಗಳು ಬೇಸರಪಟ್ಟುಕೊಳ್ಳಬೇಕಾಗಿಲ್ಲ. ಇನ್ನೊಂದು, ಬಿದ್ದವನ ಹತ್ತಿರ ಬೋಧಕನೇ ಇಳಿದು ಹೋಗಬೇಕು. ಪೋಪ್ ಫ್ರಾನ್ಸಿಸರು 2013ರಲ್ಲಿ ಬರೆದ ಪ್ರೇಷಿತ ಪತ್ರದಲ್ಲಿ ಪ್ರಬೋಧನೆಗೆಂದೇ ಹಲವು ಪುಟ ಮೀಸಲಿಟ್ಟರು. ತಾಯಿ ಮಗುವಿನ ಜೊತೆ ಮಾತಾಡುವ ಹಾಗೆ ಬೋಧನೆ ಇರಬೇಕು ಎಂಬುದು ಅವರ ಆಸೆ. 2024ರ ಜೂನ್ 12ರಂದು ಅವರು, ಪ್ರಬೋಧನೆ ಎಂಟು ನಿಮಿಷ ದಾಟಬಾರದು, ಆಮೇಲೆ ಜನ ನಿದ್ದೆ ಹೋಗುತ್ತಾರೆ ಎಂದು ಎಲ್ಲರೆದುರು ಹೇಳಿದರು. ಎಂಟು ನಿಮಿಷ! ಗುಡ್ಡ ಹತ್ತಲು ಪಟ್ಟ ಶ್ರಮದ ಮುಂದೆ ಅದೆಷ್ಟು? ಬಸ್ಸಿಗೆ ಕಾಯುವ ಹೊತ್ತಿಗಿಂತ ಕಡಿಮೆ.

ಬೋರಲು ಗಡಿಗೆ

ಖಾನಾಪುರದವರಿಗೆ ಮಳೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಣಕುಂಬಿ, ಜಾಂಬೋಟಿ ಕಡೆ ಆಷಾಢದಲ್ಲಿ ಸುರಿಯುವ ಮಳೆ ದಿನಗಟ್ಟಲೆ ನಿಲ್ಲುವುದಿಲ್ಲ. ಆದರೆ ಅದೇ ಮಳೆ ಬಂಡೆಯ ಮೇಲೆ ಬಿದ್ದರೆ ಹರಿದು ಹೋಗುತ್ತದೆ, ಗದ್ದೆಯಲ್ಲಿ ಬಿದ್ದರೆ ಭತ್ತವಾಗುತ್ತದೆ. ಯೇಸುಸ್ವಾಮಿ ಬಿತ್ತುವವನ ಸಾಮತಿಯಲ್ಲಿ ಹೇಳಿದ್ದು ಇದನ್ನೇ. ಬೀಜ ಒಂದೇ, ನೆಲ ನಾಲ್ಕು ತರಹ. ದಾರಿ, ಬಂಡೆ, ಮುಳ್ಳು, ಹದವಾದ ಮಣ್ಣು.

ಖಾನಾಪುರದ ಕುಂಬಾರಿಕೆ ದೂರದೂರದವರೆಗೆ ಹೆಸರಾದದ್ದು. ಎಷ್ಟೇ ಚೆಂದದ ಗಡಿಗೆಯಾದರೂ ಬೋರಲು ಹಾಕಿ ಮಳೆಯಲ್ಲಿ ಇಟ್ಟರೆ ಒಂದು ಹನಿಯೂ ತುಂಬದು. ಮಳೆಯನ್ನು ಬೈದು ಏನು ಪ್ರಯೋಜನ? ಗಡಿಗೆ ನೆಟ್ಟಗಿಡಬೇಕು, ಅಷ್ಟೇ. "ಫಾದರ್ ಬೋಧನೆಯೊಳಗ ಏನೂ ಇಲ್ಲ" ಎನ್ನುವವರು ಒಮ್ಮೆ ತಮ್ಮ ಗಡಿಗೆ ಹೇಗಿದೆ ಎಂದು ನೋಡಿಕೊಳ್ಳಲಿ. ಸಾದಾ ಮಾತಿನ ಗುರುಗಳ ಬಾಯಿಂದಲೂ ದೇವರು ಒಬ್ಬೊಬ್ಬರಿಗೆ ಬೇಕಾದ ಒಂದು ಮಾತನ್ನು ಕಳುಹಿಸಿಯೇ ಇರುತ್ತಾರೆ. ಕುಡಿತ ಬಿಡಬೇಕಾದವನಿಗೆ ಒಂದು ಮಾತು, ತಮ್ಮನ ಜೊತೆ ಹೊಲದ ಜಗಳ ಮುಗಿಸಬೇಕಾದವನಿಗೆ ಒಂದು ಮಾತು, ಸೊಸೆಯನ್ನು ಮಗಳ ಹಾಗೆ ನೋಡಬೇಕಾದ ಅತ್ತೆಗೆ ಒಂದು ಮಾತು. ಆ ಮಾತು ಬಂದ ಹೊತ್ತಿನಲ್ಲಿ ನೀವು ಮರದ ನೆರಳಿನಲ್ಲಿದ್ದರೆ?

ಬಲಿಪೀಠದಿಂದ ಒಲೆಯವರೆಗೆ

ಬೋಧನೆ ಗುರುಗಳ ಬಾಯಲ್ಲೇ ಮುಗಿಯುವುದಲ್ಲ. ಪುನರುತ್ಥಾನದ ಸುದ್ದಿಯನ್ನು ಪ್ರೇಷಿತರಿಗೇ ಮೊದಲು ಒಯ್ದು ಮುಟ್ಟಿಸಿದವರು ಒಬ್ಬ ಹೆಣ್ಣುಮಗಳು, ಮಗ್ದಲದ ಮರಿಯಮ್ಮನವರು. 2016ರಲ್ಲಿ ಪೋಪ್ ಫ್ರಾನ್ಸಿಸರು ಜುಲೈ 22ರ ಅವರ ಸ್ಮರಣೆಯನ್ನು ಪ್ರೇಷಿತರ ಸಾಲಿಗೆ ಸಮನಾದ ಹಬ್ಬವಾಗಿ ಏರಿಸಿದರು. ಬಾವಿಯ ಹತ್ತಿರ ಯೇಸುಸ್ವಾಮಿಯನ್ನು ಕಂಡ ಸಮಾರ್ಯದ ಹೆಂಗಸು ಕೊಡ ಅಲ್ಲೇ ಬಿಟ್ಟು ಊರೊಳಗೆ ಓಡಿ ಎಲ್ಲರನ್ನೂ ಕರೆತಂದಳು. ಅವಳು ಯಾವ ಪಾಠಶಾಲೆಯಲ್ಲೂ ಬೋಧನೆ ಕಲಿತಿರಲಿಲ್ಲ.

ಗುರುಗಳು ತಿಂಗಳಿಗೊಮ್ಮೆ ಮಾತ್ರ ಬರಲು ಸಾಧ್ಯವಿದ್ದ ಕಾಡಂಚಿನ ಹಳ್ಳಿಗಳಲ್ಲಿ ವಿಶ್ವಾಸವನ್ನು ಕಾಪಾಡಿದವರು ಉಪದೇಶಿಗಳು ಮತ್ತು ತಾಯಂದಿರು. ಸಂಜೆ ದೀಪ ಹಚ್ಚಿ ಜಪಸರ ಹೇಳಿಸಿ, ಮಕ್ಕಳಿಗೆ ಶಿಲುಬೆಯ ಗುರುತು ಹಾಕಲು ಕಲಿಸಿದ ಅವ್ವನ ಬೋಧನೆಯ ಮೇಲೆ ಗುರುಗಳ ಬೋಧನೆ ನಿಂತಿದೆ. ಇಂದು ಆ ಹೊತ್ತಿಗೆ ಮನೆಯಲ್ಲಿ ಟಿವಿ, ಎಲ್ಲರ ಕೈಯಲ್ಲಿ ಒಂದೊಂದು ಮೊಬೈಲ್. ಮನೆಯ ಬೋಧನೆ ನಿಂತರೆ ದೇವಾಲಯದ ಬೋಧನೆಗೆ ನೆಲವೇ ಉಳಿಯದು.

ಯಾತ್ರಿಕರು ಮಾಡಬೇಕಾದದ್ದು

ಒಂದು: ಪೂಜೆಗೆ ಐದು ನಿಮಿಷ ಮೊದಲೇ ಒಳಗೆ ಬಂದು ಕೂತುಕೊಳ್ಳಿ. ಮೇಣದಬತ್ತಿ, ಹಾರ, ಹೆಸರು ಬರೆಸುವುದು ಎಲ್ಲ ಮೊದಲೇ ಮುಗಿಸಿರಿ ಇಲ್ಲವೇ ಆಮೇಲೆ ಮಾಡಿರಿ.

ಎರಡು: ವಾಚನ ಮತ್ತು ಪ್ರಬೋಧನೆಯ ಹೊತ್ತಿನಲ್ಲಿ ಜಪಸರ ಕೂಡ ಬದಿಗಿರಲಿ. ಅದು ಕೇಳುವ ಹೊತ್ತು.

ಮೂರು: ಕೇಳಿದ್ದರಲ್ಲಿ ನಿಮಗೇ ಹೇಳಿದಂತೆ ಅನ್ನಿಸ್ಸಿದ ಒಂದೇ ಒಂದು ಮಾತನ್ನು ಹಿಡಿದುಕೊಳ್ಳಿ. ಹತ್ತು ಬೇಡ, ಒಂದು ಸಾಕು.

ನಾಲ್ಕು: ಇಳಿಯುವ ದಾರಿಯಲ್ಲಿ ಅದನ್ನು ಜೊತೆಯವರಿಗೆ ಹೇಳಿ. ಅವರ ಮಾತನ್ನೂ ಕೇಳಿ. ಎಮ್ಮಾವಿನ ದಾರಿ ಹಾಗೆಯೇ ಶುರುವಾಯಿತು.

ಐದು: ಗುಡ್ಡಕ್ಕೆ ಬರಲಾಗದೆ ಮನೆಯಲ್ಲಿ ಉಳಿದ ಮುದುಕರು, ಕಾಯಿಲೆಯವರು ಇದ್ದಾರಲ್ಲ, ಅವರಿಗೆ ತೀರ್ಥ ಮತ್ತು ಎಣ್ಣೆಯ ಜೊತೆ ಆ ಮಾತನ್ನೂ ಒಯ್ದು ಕೊಡಿ. ಅವರು "ಫಾದರ್ ಏನ್ ಹೇಳಿದ್ರವ್ವಾ?" ಎಂದು ಕೇಳಿಯೇ ಕೇಳುತ್ತಾರೆ.

ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಮೊದಲು ಒಂದು ಸಣ್ಣ ಒರತೆ. ಖಾನಾಪುರ ದಾಟಿ, ಹಳ್ಳ ಕೊಳ್ಳ ಕೂಡಿಸಿಕೊಂಡು, ಕೊನೆಗೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಹೊತ್ತಿಗೆ ಎಷ್ಟು ಊರುಗಳ ಬಾಯಾರಿಕೆ ತಣಿಸಿರುತ್ತದೆ! ನೀವು ಇಲ್ಲಿಂದ ಒಯ್ಯುವ ಒಂದು ಮಾತೂ ಹಾಗೆಯೇ ಮನೆ, ಓಣಿ, ಊರು ತಲುಪಲಿ.

ಪ್ರಾರ್ಥನೆ: ಓ ಕರ್ತರೇ, ನಮ್ಮ ಗುರುಗಳ ನಾಲಿಗೆಗೆ ಸತ್ಯವನ್ನೂ ನಮ್ಮ ಕಿವಿಗೆ ತಾಳ್ಮೆಯನ್ನೂ ನಮ್ಮ ಕಾಲಿಗೆ ನಡೆಯುವ ಬಲವನ್ನೂ ಕೊಡಿ. ಇಂದು ಕೇಳಿದ ಮಾತು ನಾಳೆ ನಮ್ಮ ಮನೆಯಲ್ಲಿ ಕಾಣುವಂತಾಗಲಿ. ಮಾತೆ ಮರಿಯಮ್ಮನವರು ಎಲ್ಲವನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಧ್ಯಾನಿಸಿದ ಹಾಗೆ ನಾವೂ ಧ್ಯಾನಿಸುವಂತೆ ಮಾಡಿರಿ. ಆಮೆನ್.

ಸುಖವಾಗಿ ಇಳಿದು ಹೋಗಿ ಬನ್ನಿರಿ. ದೇವರು ನಿಮ್ಮನ್ನೂ ನಿಮ್ಮ ಮನೆಯವರನ್ನೂ ಆಶೀರ್ವದಿಸಲಿ.